ಪೈಪು ಬಾಯಿ ಮುಕ್ಕಳಿಸುವ ಹತ್ತು ನಿಮಿಷ

ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ. ತಗ್ಗಿನ ಬೀದಿಯ ತುದಿಯಲ್ಲಿ ನೀರಣ್ಣ ಮಂಡಿಯೂರಿ ಕುಳಿತು ರಸ್ತೆಬದಿಯ ಕಬ್ಬಿಣದ ಮುಚ್ಚಳ ಸರಿಸುತ್ತಾರೆ. ಗುಂಡಿಯೊಳಗೆ ಟಾರ್ಚ್ ಬಿಟ್ಟು ಒಂದು ಸುತ್ತು ನೋಡುತ್ತಾರೆ. ಹಿಂದೊಮ್ಮೆ ಹೀಗೆ ನೋಡದೆ ಕೈಹಾಕಿ ಚೇಳಿನಿಂದ ಕುಟುಕಿಸಿಕೊಂಡವರು. ಆಮೇಲೆ ಎದೆಯೆತ್ತರದ ಕಬ್ಬಿಣದ ಸಲಾಕೆಯನ್ನು ಇಳಿಬಿಟ್ಟು, ಅದರ ಅಡ್ಡಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸತೊಡಗುತ್ತಾರೆ. ಒಂದು, ಎರಡು, ಮೂರು... ಹದಿನಾಲ್ಕು ಸುತ್ತು. ಪಕ್ಕದ ಮೋರಿಯಲ್ಲಿ ಮೊದಲು ಗಾಳಿ ಕೆಮ್ಮುತ್ತದೆ. ಬಳಿಕ ಕಂದು ನೀರು, ಅದರ ಹಿಂದೆ ಮಬ್ಬು ನೀರು, ಅದರ ಹಿಂದೆ ತಿಳಿನೀರು.

ತಿಳಿನೀರು ಬಂದ ಮೇಲೂ ನೀರಣ್ಣ ವಾಲ್ವ್ ಮುಚ್ಚುವುದಿಲ್ಲ. ಕೈಗಡಿಯಾರ ನೋಡುತ್ತಾ ನಿಂತೇ ಇರುತ್ತಾರೆ. ಹತ್ತು ನಿಮಿಷ, ಒಂದು ಊರಿನ ಕುಡಿಯುವ ನೀರು ಮೋರಿಗೆ ಹರಿಯುತ್ತದೆ.

ಬೆಳಗಿನ ನಡಿಗೆಗೆ ಹೊರಟ ಹಿರಿಯರೊಬ್ಬರು ನಿಲ್ಲುತ್ತಾರೆ. "ಏನಯ್ಯಾ ಇದು, ಇಷ್ಟು ನೀರು ಪೋಲು ಮಾಡ್ತಿದೀಯ? ಮೇಲಿನ ಬೀದೀಲಿ ಜನ ಬಕೆಟ್ ಹಿಡ್ಕೊಂಡು ಕಾಯ್ತಿದ್ದಾರೆ. ಬುದ್ಧಿ ಬೇಡ್ವಾ?"

"ಹೌದು ಸಾರ್," ಎನ್ನುತ್ತಾರೆ ನೀರಣ್ಣ. ಅಷ್ಟೇ. ಹಿರಿಯರು ಗೊಣಗುತ್ತಾ ಮುಂದೆ ಹೋಗುತ್ತಾರೆ. ನಾನು ನೀರಣ್ಣನ ಮುಖ ನೋಡುತ್ತೇನೆ. "ವಾರಕ್ಕೆ ಒಬ್ಬರಾದ್ರೂ ಕೇಳ್ತಾರೆ," ಎನ್ನುತ್ತಾರೆ. "ಅವರು ಕೇಳೋದು ಸರಿಯಾಗೇ ಇದೆ. ನಾನೂ ಒಂದು ಕಾಲದಲ್ಲಿ ಅದನ್ನೇ ಕೇಳಿದ್ದೆ."

ಐವತ್ತೊಂಬತ್ತರ ಹತ್ತಿರದ ಈ ಮನುಷ್ಯ ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್ ತಿರುಗಿಸುವ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ದಿನಕ್ಕೆ ನಲವತ್ತಮೂರು ವಾಲ್ವ್, ಏಳು ಕಿಲೋಮೀಟರ್ ನಡಿಗೆ, ಎರಡು ಸಾವಿರದ ಒಂಬೈನೂರು ಮನೆಗಳ ನಲ್ಲಿ. ಯಾವ ವಾಲ್ವ್ ಎಷ್ಟು ಸುತ್ತು, ಯಾವುದಕ್ಕೆ ಸಿಟ್ಟು ಜಾಸ್ತಿ, ಯಾವುದು ಚಳಿಗಾಲದಲ್ಲಿ ಹಟ ಮಾಡುತ್ತದೆ ಎಂಬುದೆಲ್ಲ ನಾಲಗೆಯ ತುದಿಯಲ್ಲಿದೆ. ಸೈಕಲ್ ಇದೆ, ಆದರೆ ಸಲಾಕೆ ಹೊತ್ತು ತುಳಿಯಲು ಆಗುವುದಿಲ್ಲ. ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗೆ ಇಳಿದಿದೆ. "ಮನೆಯಾಕೆ ಅಂಗಿ ಹೊಲಿಸೋವಾಗ ದರ್ಜಿಗೆ ಮೊದಲೇ ಹೇಳ್ತಾಳೆ, ಈ ಕಡೆ ಸ್ವಲ್ಪ ಜಾಸ್ತಿ ಬಿಡಪ್ಪಾ ಅಂತ," ಎಂದು ನಗುತ್ತಾರೆ.

ಈ ಲೇಖನಕ್ಕೆ ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಮೂವತ್ತು ವರ್ಷದ ನಿಸ್ವಾರ್ಥ ಸೇವೆ ಅಂತೆಲ್ಲ ಬರೆಯೋದಾದ್ರೆ ಬೇಡ. ಅಕ್ಕನ ವಿಷಯ ಬರೀತೀರಾ? ಹಾಗಾದ್ರೆ ಬನ್ನಿ."

ಅಕ್ಕ ಇವರಿಗಿಂತ ಹನ್ನೊಂದು ವರ್ಷ ದೊಡ್ಡವರು. ತಾಯಿ ತೀರಿಕೊಂಡಾಗ ನೀರಣ್ಣನಿಗೆ ನಾಲ್ಕು ವರ್ಷ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿದ ಆ ಹುಡುಗಿ ತಮ್ಮನನ್ನು ಬಟ್ಟೆಗಂಟುಗಳ ಮೇಲೆ ಕೂರಿಸಿಕೊಂಡೇ ಅಕ್ಷರ ಕಲಿಸಿದರು. ತಮ್ಮ ಚುರುಕು. ಕೆಟ್ಟ ರೇಡಿಯೋ ಬಿಚ್ಚಿ ಕೂಡಿಸುತ್ತಿದ್ದ. ಮೇಷ್ಟರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳುತ್ತಿದ್ದ. ಹತ್ತನೇ ತರಗತಿಯ ಮುಂದೆ ಓದಿಸಲು ಕೈಯಲ್ಲಿ ಆಗದಿದ್ದರೂ ಅಕ್ಕನಿಗೆ ಆ ತಲೆಯ ಮೇಲೆ ಎಲ್ಲಿಲ್ಲದ ನಂಬಿಕೆ. ನೆರೆಹೊರೆಯಲ್ಲಿ ಯಾರ ಮನೆಯಲ್ಲಿ ಏನೇ ತಕರಾರಿದ್ದರೂ ಅವರದು ಒಂದೇ ಮಾತು: "ತಡೀರಿ, ನನ್ನ ತಮ್ಮನ್ನ ಕೇಳ್ತೀನಿ."

ಕೆಲಸಕ್ಕೆ ಸೇರಿದಾಗ ಗುರುವಾಗಿ ಸಿಕ್ಕವರು ಹಿರಿಯ ವಾಲ್ವ್‌ಮನ್ ಒಬ್ಬರು. ಎಲ್ಲರೂ ಅವರನ್ನು ನಿಧಾನಣ್ಣ ಎನ್ನುತ್ತಿದ್ದರು. ನಿಧಾನವೇ ಪ್ರಧಾನ ಎನ್ನುವುದು ಗಾದೆಯಾದರೆ, ಆ ಕಚೇರಿಯಲ್ಲಿ ನಿಧಾನಣ್ಣನೇ ಪ್ರಧಾನ. ಅಕ್ಷರ ಬಾರದು, ಕೇಳಿದ್ದಕ್ಕೆ ಕಾರಣ ಹೇಳಲೂ ಬಾರದು. ವಾಲ್ವನ್ನು ಮಗುವಿನ ಕಿವಿ ಹಿಂಡುವ ಹಾಗೆ ಮೆಲ್ಲಗೆ ತಿರುಗಿಸುತ್ತಿದ್ದರು. ಪ್ರತಿ ಬೀದಿಯ ಕೊನೆಯಲ್ಲಿ ಮೋರಿಗೆ ತೆರೆದುಕೊಳ್ಳುವ ಒಂದೊಂದು ವಾಲ್ವ್ ಇದೆಯಷ್ಟೆ. ದಿನಾ ಅದನ್ನು ಮೊದಲು ತೆಗೆದು, ಹತ್ತು ನಿಮಿಷ ನೀರು ಚೆಲ್ಲಿ, ಆಮೇಲೇ ಮನೆಗಳಿಗೆ ಬಿಡುತ್ತಿದ್ದರು. ಯಾಕೆ ಎಂದರೆ, "ರಾತ್ರಿಯೆಲ್ಲ ಬಾಯಿ ಮುಚ್ಕೊಂಡು ಮಲಗಿರುತ್ತಲ್ಲಪ್ಪಾ, ಪೈಪು ಬಾಯಿ ಮುಕ್ಕಳಿಸಲಿ" ಎನ್ನುತ್ತಿದ್ದರು.

"ನಮಗೆಲ್ಲ ಅದೊಂದು ತಮಾಷೆ," ಎಂದು ನೆನೆಯುತ್ತಾರೆ ನೀರಣ್ಣ. "ಹಲ್ಲುಜ್ಜಿಸಿ ಅಣ್ಣಾ, ಮುಖಾನೂ ತೊಳೆಸಿ ಅಂತ ರೇಗಿಸ್ತಿದ್ವಿ. ಅವರೂ ನಗ್ತಿದ್ರು. ನನ್ನನ್ನ ಆಗ ಎಲ್ಲರೂ ಪ್ರೊಫೆಸರ್ ಅಂತಿದ್ರು. ನನಗೂ ಹಾಗೆ ಕರೆಸ್ಕೊಳ್ಳೋಕೆ ಇಷ್ಟ."

ನಿಧಾನಣ್ಣ ನಿವೃತ್ತರಾದ ಮೇಲೆ ಇಡೀ ಭಾಗ ಪ್ರೊಫೆಸರರ ಕೈಗೆ ಬಂತು. ಆ ಹೊತ್ತಿಗೆ ಮೇಲಿನ ಬೀದಿಯ ಗೋಳು ಹೇಳತೀರದು. ಊರಿನ ಎತ್ತರದ ಜಾಗ ಅದು. ಟ್ಯಾಂಕಿನಲ್ಲಿ ನೀರು ಅರ್ಧಕ್ಕಿಳಿದರೆ ಅಲ್ಲಿಗೆ ಏರುವುದಿಲ್ಲ. ಎರಡು ಕೊಡ ತುಂಬುವಷ್ಟರಲ್ಲಿ ನಲ್ಲಿ ಸೊರಗಿ ನಿಲ್ಲುತ್ತಿತ್ತು. ಪ್ರೊಫೆಸರ್ ಒಂದು ಭಾನುವಾರ ಪೆನ್ಸಿಲ್ ಹಿಡಿದು ಕುಳಿತರು. ಎಲ್ಲ ಬೀದಿಗಳ ಕೊನೆಯಲ್ಲಿ ದಿನಾ ಮೋರಿಗೆ ಹೋಗುವ ನೀರೆಷ್ಟು ಎಂದು ಲೆಕ್ಕ ಹಾಕಿದರು. ನಲವತ್ತು ಸಾವಿರ ಲೀಟರ್. ಅದು ಟ್ಯಾಂಕಿನಲ್ಲೇ ಉಳಿದರೆ ಮೇಲಿನ ಬೀದಿಗೆ ಕಾಲು ಗಂಟೆ ಹೆಚ್ಚು ನೀರು. ಹೊಸ ಪಂಪ್ ಬೇಡ, ಹೊಸ ಪೈಪ್ ಬೇಡ. ಚೆಲ್ಲುವುದನ್ನು ನಿಲ್ಲಿಸಿದರೆ ಸಾಕು.

ನಿಲ್ಲಿಸಿದರು. ಮೇಲಿನ ಬೀದಿಯ ನಲ್ಲಿಗಳಲ್ಲಿ ನೀರು ಬಂತು. ವರ್ಷಗಟ್ಟಲೆ ಕೊಡ ಹೊತ್ತು ಸೊಂಟ ಬಿದ್ದುಹೋಗಿದ್ದ ಹೆಂಗಸೊಬ್ಬರು ಬೀದಿಯಲ್ಲೇ ಇವರ ಕೈ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪಾ" ಎಂದು ಅತ್ತುಬಿಟ್ಟರು. ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂತು. ಅಕ್ಕ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ತಮ್ಮ ಮನೆಯ ಗೋಡೆಗೇ ನೇತುಹಾಕಿಕೊಂಡರು. ಅಕ್ಕನ ಮನೆ ಇದ್ದದ್ದು ತಗ್ಗಿನ ಬೀದಿಯಲ್ಲಿ.

ಆ ದಿನಗಳಲ್ಲಿ ಒಮ್ಮೆ ನಿಧಾನಣ್ಣ ಕೋಲೂರಿಕೊಂಡು ಬೆಳಗ್ಗೆ ಆ ಕಡೆ ಬಂದರು. ಒಣಗಿದ ಮೋರಿಯನ್ನೇ ನೋಡುತ್ತಾ ನಿಂತರು.

"ಮುಕ್ಕಳಿಸಲಿಲ್ವಾ?" ಎಂದು ಕೇಳಿದರು.

ಪ್ರೊಫೆಸರ್ ಜೇಬಿನಿಂದ ಚೀಟಿ ತೆಗೆದು ಲೀಟರ್, ನಿಮಿಷ, ಬೀದಿ ಎಲ್ಲವನ್ನೂ ವಿವರಿಸಿದರು. ಮುದುಕ ಪೂರ್ತಿ ಕೇಳಿಸಿಕೊಂಡರು.

"ನಿನ್ನ ಲೆಕ್ಕ ಸರಿ ಇರಬಹುದಪ್ಪ. ನನಗೆ ಲೆಕ್ಕ ಬರಲ್ಲ. ಆದ್ರೂ ಬೇಡ."

"ಯಾಕೆ ಬೇಡ ಹೇಳಣ್ಣಾ? ಒಂದು ಕಾರಣ ಹೇಳು."

"ಕಾರಣ ಗೊತ್ತಿದ್ರೆ ಹೇಳ್ತಿರಲಿಲ್ವಾ? ನನಗೆ ಕಲಿಸಿದೋರು ಚೆಲ್ತಿದ್ರು. ಅವರು ಪೋಲು ಮಾಡೋರಾಗಿರಲಿಲ್ಲ."

ಈ ಮಾತು ಹೇಳುವಾಗ ನೀರಣ್ಣ ನಡೆಯುವುದನ್ನು ನಿಲ್ಲಿಸುತ್ತಾರೆ. "ನಾನು ಗೆದ್ದೆ ಅಂದ್ಕೊಂಡೆ. ಅವರ ಹತ್ರ ಉತ್ತರ ಇರಲಿಲ್ವಲ್ಲ. ಉತ್ತರ ಇಲ್ಲದೋರು ತಪ್ಪು, ಉತ್ತರ ಇರೋರು ಸರಿ ಅಂತಾನೇ ನನ್ನ ತಲೇಲಿ ಇದ್ದಿದ್ದು."

ಒಂಬತ್ತು ತಿಂಗಳು ಏನೂ ಆಗಲಿಲ್ಲ. ಏನೂ ಆಗದ ಒಂದೊಂದು ದಿನವೂ ಬಂದು ಇವರ ಪರವಾಗಿ ಸಾಕ್ಷಿ ಹೇಳಿ ಹೋಯಿತು.

ಹನ್ನೊಂದು ವರ್ಷದ ಹಿಂದಿನ ಮಾತಿದು. ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಾರೆ. ಅಕ್ಕ ನೀರಿನ ಲೋಟ ಹಿಡಿದುಕೊಂಡು ಬಂದು, "ತಮ್ಮಾ, ಎರಡು ದಿನದಿಂದ ನೀರು ಒಂಥರಾ ವಾಸನೆ ಬರ್ತಿದೆ. ಒಂದ್ಸಲ ನೋಡೋ" ಎಂದರು. ಪ್ರೊಫೆಸರ್ ಪತ್ರಿಕೆ ಓದುತ್ತಿದ್ದರು. ಮೂರು ವಾರದ ಹಿಂದೆ ಟ್ಯಾಂಕ್ ತೊಳೆದದ್ದು ತಟ್ಟನೆ ನೆನಪಾಯಿತು.

"ಟ್ಯಾಂಕ್ ತೊಳೆದು ಔಷಧಿ ಹಾಕಿದ್ದಾರೆ ಅಕ್ಕ, ಅದರದ್ದು. ಎರಡು ದಿನ ಹೋದ್ರೆ ಸರಿಯಾಗುತ್ತೆ. ಆರಾಮಾಗಿ ಕುಡಿ."

ಲೋಟವನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ.

"ನಾಲ್ಕು ಹೆಜ್ಜೆ ದೂರದಲ್ಲಿತ್ತು ಲೋಟ," ಎನ್ನುತ್ತಾರೆ. "ಮೂಸಿ ನೋಡಿದ್ರೆ ಅದು ಔಷಧಿ ವಾಸನೆ ಅಲ್ಲ, ಮೋರಿ ವಾಸನೆ ಅಂತ ಯಾವ ದಡ್ಡನಿಗಾದ್ರೂ ಗೊತ್ತಾಗ್ತಿತ್ತು. ನನಗೆ ಮೂಸೋ ಅಗತ್ಯಾನೇ ಬೀಳಲಿಲ್ಲ. ಉತ್ತರ ಬಾಯಲ್ಲೇ ಇತ್ತು."

ಅಕ್ಕ ಆ ನೀರು ಕುಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಸಂಜೆ ಎದುರುಮನೆಯವರು, ಪಕ್ಕದ ಮನೆಯವರು ಇದೇ ವಾಸನೆಯ ಬಗ್ಗೆ ಮಾತೆತ್ತಿದಾಗ, "ನನ್ನ ತಮ್ಮ ಹೇಳಿದಾನೆ, ಔಷಧಿ ಹಾಕಿದ್ದಾರಂತೆ, ಏನೂ ಆಗಲ್ಲ" ಎಂದು ಧೈರ್ಯ ಹೇಳಿದರು. ಕಾಯಿಸಿ ಕುಡಿಯೋಣ ಎಂದುಕೊಂಡಿದ್ದವರೂ ಸುಮ್ಮನಾದರು.

ಮಂಗಳವಾರ ವಾಂತಿಭೇದಿ ಶುರುವಾಯಿತು. ಗುರುವಾರದ ಹೊತ್ತಿಗೆ ತಗ್ಗಿನ ಬೀದಿಯ ಇಪ್ಪತ್ತಾರು ಮಂದಿ ಆಸ್ಪತ್ರೆಯಲ್ಲಿದ್ದರು. ಹಾಸಿಗೆ ಸಾಲದೆ ವರಾಂಡದಲ್ಲೂ ಮಲಗಿಸಿದ್ದರು. ಅಕ್ಕನಿಗೆ ಮೊದಲೇ ಮೂತ್ರಪಿಂಡದ ತೊಂದರೆ ಇತ್ತು. ಶುಕ್ರವಾರ ಬೆಳಗ್ಗೆ ನೀರಣ್ಣ ಪಕ್ಕದಲ್ಲಿ ಕುಳಿತಿದ್ದಾಗ ಕಣ್ಣು ತೆರೆದು, "ನೀನು ಕುಡಿದಿಲ್ಲ ತಾನೇ?" ಎಂದು ಕೇಳಿದರು. ಅದೇ ಕೊನೆಯ ಮಾತು. ಮರುದಿನ ಬೀದಿಯ ಕೊನೆಯ ಮನೆಯ ನಿವೃತ್ತ ಪೋಸ್ಟ್‌ಮನ್ ತೀರಿಕೊಂಡರು. ಉಳಿದ ಇಪ್ಪತ್ನಾಲ್ಕು ಮಂದಿ ಮನೆಗೆ ಮರಳಿದರು.

ತನಿಖೆ ಆಯಿತು. ಮೋರಿಯ ಪಕ್ಕದಲ್ಲಿ ಪೈಪಿನ ಕೀಲು ಬಿರುಕು ಬಿಟ್ಟಿತ್ತು. ನೀರು ನಿಂತ ಹೊತ್ತಿನಲ್ಲಿ ಬರಿದಾದ ಪೈಪಿನೊಳಗೆ ಮೋರಿಯ ಕೊಳೆ ಆ ಬಿರುಕಿನಿಂದ ಜಿನುಗಿ, ಇಳಿಜಾರಿಗೆ ಹರಿದು, ತಗ್ಗಿನಲ್ಲಿ ಮಡುಗಟ್ಟುತ್ತಿತ್ತು. ಬೆಳಗ್ಗೆ ವಾಲ್ವ್ ತೆರೆದೊಡನೆ ಮೊದಲ ನೀರಿನ ಜೊತೆ ನೇರವಾಗಿ ಮನೆಗಳಿಗೆ. ನಿಧಾನಣ್ಣ ಮೋರಿಗೆ ಚೆಲ್ಲುತ್ತಿದ್ದ ಹತ್ತು ನಿಮಿಷದ ನೀರು ಅದೇ. ಹಾಗೆ ಚೆಲ್ಲಿದ್ದರೂ ಎಲ್ಲ ಕೊಳೆಯೂ ಹೋಗುತ್ತಿರಲಿಲ್ಲ ಎಂದು ಆ ಕಚೇರಿಯ ಈಗಿನ ಇಂಜಿನಿಯರ್ ನನಗೆ ಹೇಳುತ್ತಾರೆ. ಆದರೆ ಹೆಚ್ಚಿನದು ಹೋಗುತ್ತಿತ್ತು. ಮೇಲಾಗಿ, ಚೆಲ್ಲುವವನು ಅಲ್ಲೇ ನಿಂತಿರುತ್ತಿದ್ದರಿಂದ ಬಣ್ಣವೋ ವಾಸನೆಯೋ ಕೆಟ್ಟದ್ದು ಮೊದಲ ದಿನವೇ ಅವನ ಕಣ್ಣಿಗೆ, ಮೂಗಿಗೆ ಬೀಳುತ್ತಿತ್ತು.

ವರದಿಯಲ್ಲಿ ಪೈಪಿನ ಬಿರುಕನ್ನು ಬರೆದರು. ಇವರ ಹೆಸರು ಬರಲಿಲ್ಲ. ಇವರಾಗಿ ಮೇಲಧಿಕಾರಿಯ ಮುಂದೆ ಹೋಗಿ ನಿಂತು, ಚೆಲ್ಲುವುದನ್ನು ನಿಲ್ಲಿಸಿದ್ದು ನಾನು, ವಾಸನೆ ಬಂದರೂ ನೋಡದಿದ್ದದ್ದು ನಾನು ಎಂದರು. ಆ ಅಧಿಕಾರಿ ಬಾಗಿಲು ಹಾಕಿಬಂದು ಕುಳಿತರು. "ಪೈಪ್ ಒಡೆದ್ರೆ ನೀನೇನಯ್ಯಾ ಮಾಡ್ತೀಯ? ಇಲ್ಲದ್ದನ್ನೆಲ್ಲ ತಲೆ ಮೇಲೆ ಎಳ್ಕೋಬೇಡ. ನಾಲ್ಕು ದಿನ ರಜ ಹಾಕು" ಎಂದರು. ಮೆಚ್ಚುಗೆಯ ಪತ್ರಕ್ಕೆ ಸಹಿ ಹಾಕಿದ್ದವರು ಅವರೇ.

"ಜಾಣನಿಗೆ ಮಾತಿನ ಪೆಟ್ಟು, ಕೋಣನಿಗೆ ದೊಣ್ಣೆ ಪೆಟ್ಟು ಅಂತಾರೆ," ಎನ್ನುತ್ತಾರೆ ನೀರಣ್ಣ. "ನನಗೆ ಎರಡೂ ಬೀಳಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತಾನೂ ಅಂತಾರೆ. ಮಾಡಿದ್ದು ನಾನು, ಉಂಡಿದ್ದು ಅಕ್ಕ."

ನಿಧಾನಣ್ಣ ಆ ವಾರ ಮನೆಗೆ ಬಂದರು. ನಾನು ಹೇಳಿರಲಿಲ್ವಾ ಎಂದು ಅವರು ಒಂದು ಮಾತು ಅಂದಿದ್ದರೆ ಮೈ ಹಗುರಾಗುತ್ತಿತ್ತು ಎನ್ನುತ್ತಾರೆ ಇವರು. ಮುದುಕ ಹಾಗೆ ಅನ್ನಲಿಲ್ಲ. ಬಾಗಿಲ ಹತ್ತಿರ ಕುಳಿತು, "ಊಟ ಮಾಡ್ದ್ಯಾ?" ಎಂದು ಕೇಳಿ, ಇಲ್ಲ ಎಂದದ್ದಕ್ಕೆ ಮನೆಯಾಕೆಯನ್ನು ಕರೆದು ತಟ್ಟೆ ಹಾಕಿಸಿ, ಉಣ್ಣುವವರೆಗೂ ಇದ್ದು ಎದ್ದುಹೋದರು.

ಎಲ್ಲಕ್ಕಿಂತ ಕಷ್ಟದ ಕೆಲಸ ಇನ್ನೂ ಉಳಿದಿತ್ತು. ಅಕ್ಕನಿಗೆ ಒಬ್ಬಳೇ ಮಗಳು. ಆಗ ಇಪ್ಪತ್ನಾಲ್ಕು ವರ್ಷ, ಔಷಧಿ ಅಂಗಡಿಯಲ್ಲಿ ಕೆಲಸ. ಎರಡು ವಾರದ ಮೇಲೆ ನೀರಣ್ಣ ಅವಳ ಎದುರು ಕುಳಿತು ಚೀಟಿಯ ಲೆಕ್ಕದಿಂದ ಹಿಡಿದು ಮುಟ್ಟದ ಲೋಟದವರೆಗೆ ಎಲ್ಲವನ್ನೂ ಹೇಳಿದರು. ಅವಳು ಎದ್ದು ಗೋಡೆಯ ಮೇಲಿದ್ದ ಪತ್ರದ ಚೌಕಟ್ಟನ್ನು ಇಳಿಸಿ ಇವರ ಕೈಗೆ ಕೊಟ್ಟು, ಬಾಗಿಲು ತೆರೆದು ನಿಂತಳು. ಆಮೇಲೆ ಎಂಟು ವರ್ಷ ಮಾತಿಲ್ಲ.

ಚೌಕಟ್ಟು ಕೈಗೆ ಬಂದ ಮರುದಿನದಿಂದಲೇ ನೀರಣ್ಣ ಯಾರನ್ನೂ ಕೇಳದೆ ಮತ್ತೆ ಮೋರಿಗೆ ಚೆಲ್ಲತೊಡಗಿದರು. ಮೇಲಿನ ಬೀದಿಗೆ ನೀರು ಕಡಿಮೆಯಾಯಿತು. ಹೊಟ್ಟೆ ತಣ್ಣಗಿರಲಿ ಎಂದ ಬಾಯಿಗಳೇ ಹಿಡಿಶಾಪ ಹಾಕಿದವು. ಆಗ ಪಂಪ್‌ಹೌಸಿನವರ ಬಳಿ ಹೋಗಿ, ಅರ್ಧ ಗಂಟೆ ಮೊದಲೇ ಪಂಪ್ ಹಾಕಿ, ನಾನೂ ಅರ್ಧ ಗಂಟೆ ಮೊದಲೇ ಬರುತ್ತೇನೆ ಎಂದು ಕೇಳಿಕೊಂಡರು. ಅವರು ಒಪ್ಪಿದರು. ಈಗ ತಗ್ಗಿನಲ್ಲಿ ಚೆಲ್ಲಿದ ಮೇಲೂ ಮೇಲಿನ ಬೀದಿಗೆ ನೀರು ಏರುತ್ತದೆ.

"ಇಷ್ಟೇ ನೋಡಿ ಇದ್ದಿದ್ದು," ಎಂದು ಸಲಾಕೆಯನ್ನು ಭುಜ ಬದಲಿಸಿಕೊಳ್ಳುತ್ತಾರೆ. "ಅರ್ಧ ಗಂಟೆ ಬೇಗ ಏಳೋದು. ಆಗ ನನಗೆ ಇದು ಹೊಳೀಲೇ ಇಲ್ಲ. ಪೆನ್ಸಿಲ್ ಹಿಡಿಯೋನಿಗೆ ಇಂಥಾದ್ದು ಹೊಳಿಯಲ್ವೋ ಏನೋ."

ಸಹೋದ್ಯೋಗಿಗಳಿಗೆ ಪ್ರೊಫೆಸರ್ ಎನ್ನಬೇಡಿ ಎಂದು ಕೈಮುಗಿದರು. ಮುಂದಿನ ವರ್ಷ ತಗ್ಗಿನ ಬೀದಿಯ ಕೊನೆಯ ಮನೆಗೆ, ಆ ಪೋಸ್ಟ್‌ಮನ್ ಇದ್ದ ಮನೆಗೆ, ಬಾಡಿಗೆಗೆ ಬಂದರು. ಪೈಪಿನ ಕೊನೆಯ ನಲ್ಲಿ ಈ ಮನೆಯದು. ಮನೆಯಾಕೆ ಇವತ್ತಿಗೂ ಹಂಗಿಸುತ್ತಾರೆ: "ಊರಿಗೆಲ್ಲ ನೀರು ಬಿಡೋರ ಮನೇಲಿ ನೀರು ಕೊನೇಗೆ ಬರೋದು. ದೀಪದ ಬುಡದಲ್ಲಿ ಕತ್ತಲೆ ಅಂದ್ರೆ ಇದೇ."

ಅಕ್ಕನ ಮಗಳು ದಿನಾ ಎದುರಾಗುತ್ತಿದ್ದಳು, ದಿನಾ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಅವಳೇ ಬಾಗಿಲಿಗೆ ಬಂದು ನಿಂತಳು, ಕೈಯಲ್ಲೊಂದು ಪಾತ್ರೆ.

"ಮಾವ, ನೀರು ಯಾಕೋ ಒಂಥರಾ ಇದೆ. ಕುಡೀಬಹುದಾ?"

ಹಿಂದಿನ ವಾರವಷ್ಟೇ ಶುದ್ಧೀಕರಣ ಘಟಕದಲ್ಲಿ ನೀರು ಸೋಸುವ ಮರಳು ಬದಲಿಸಿದ್ದರು. ಕಾರಣ ನಾಲಗೆಗೆ ಬಂದೇಬಿಟ್ಟಿತ್ತು ಎನ್ನುತ್ತಾರೆ ನೀರಣ್ಣ. ನುಂಗಿಕೊಂಡರು. ಪಾತ್ರೆ ತೆಗೆದುಕೊಂಡು ಮೂಸಿದರು, ಬೆಳಕಿಗೆ ಹಿಡಿದರು. ಏನೂ ತಿಳಿಯಲಿಲ್ಲ.

"ಗೊತ್ತಿಲ್ಲ ಕಣಮ್ಮ. ಕುಡೀಬೇಡ. ನೋಡಿ ಹೇಳ್ತೀನಿ."

ಬೀದಿಯ ವಾಲ್ವ್ ಮುಚ್ಚಿದರು. ಮನೆಮನೆಗೂ ಹೋಗಿ ಕುಡಿಯಬೇಡಿ ಎಂದರು. ಒಂದೊಂದೇ ಮುಚ್ಚಳ ತೆಗೆದು ಎರಡೂವರೆ ಗಂಟೆ ಹುಡುಕಿದರು. ಸ್ನಾನವಿಲ್ಲದೆ ಕೆಲಸಕ್ಕೆ ಹೊರಟವರೆಲ್ಲ ಬಾಯಿಗೆ ಬಂದಂತೆ ಬೈದರು. "ಮೂವತ್ತು ವರ್ಷ ಸರ್ವಿಸ್ ಅಂತೀಯ, ಇಷ್ಟೂ ಗೊತ್ತಾಗಲ್ವಾ?" ಎಂದು ಒಬ್ಬರು ಕೂಗಿದರು. "ಇಲ್ಲ ಸಾರ್, ಗೊತ್ತಾಗ್ತಿಲ್ಲ, ಅದಕ್ಕೇ ಹುಡುಕ್ತಿದೀನಿ" ಎಂದರಂತೆ ಇವರು. ಕೊನೆಗೆ ತಿಳಿದದ್ದು, ಪಾಚಿ ಕಟ್ಟಿದ್ದು ಅಕ್ಕನ ಮಗಳ ಮನೆಯ ಡ್ರಮ್ಮಿನಲ್ಲೇ. ಪೈಪಿನಲ್ಲಿ ಏನೂ ಇರಲಿಲ್ಲ. ಅವಳೇ ಬಂದು ಡ್ರಮ್ ಬೋರಲು ಹಾಕಿದಳು, ಇಬ್ಬರೂ ಸೇರಿ ಉಜ್ಜಿದರು. ಮಾತು ಹೆಚ್ಚಿರಲಿಲ್ಲ.

ಔಷಧಿ ಅಂಗಡಿಯಲ್ಲಿ ಅಕ್ಕನ ಮಗಳನ್ನು ನಾನು ಮಾತಾಡಿಸುತ್ತೇನೆ. "ಮಾವ ಹೇಳ್ದೇ ಇದ್ದಿದ್ರೆ ನನಗೆ ಏನೂ ಗೊತ್ತೇ ಆಗ್ತಿರಲಿಲ್ಲ," ಎನ್ನುತ್ತಾರೆ. "ಯಾಕಾದ್ರೂ ಹೇಳಿದ್ರೋ ಅಂತ ಸಿಟ್ಟು. ಹೇಳಿದ್ರಲ್ಲ ಅಂತಾನೇ ಆಮೇಲೆ ಸ್ವಲ್ಪ ಇಳೀತು. ಪೂರ್ತಿ ಇಳಿದಿದೆ ಅಂತ ಬರೀಬೇಡಿ. ಅಮ್ಮ ಇದ್ದಿದ್ರೆ ಈಗ ಅರವತ್ತೊಂಬತ್ತು. ಮೊಮ್ಮಗೂನ ಎತ್ತಿಕೊಳ್ತಿದ್ರು."

ನೀರಣ್ಣನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಅಷ್ಟರೊಳಗೆ ಎಲ್ಲ ವಾಲ್ವ್‌ಗಳಿಗೂ ಮೋಟಾರು ಬರುತ್ತದೆ. ಕಚೇರಿಯ ಮೂರನೇ ಮಹಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತವರು ಗುಂಡಿ ಒತ್ತಿದರೆ ಬೀದಿಗೆ ನೀರು. ನೀರಣ್ಣನಿಗೆ ಇದರ ಮೇಲೆ ಸಿಟ್ಟಿಲ್ಲ. "ಒಳ್ಳೇದೇ. ಯಂತ್ರಕ್ಕೆ ಜಂಬ ಇರಲ್ಲ. ಹತ್ತು ನಿಮಿಷ ಚೆಲ್ಲು ಅಂತ ಹೇಳಿಕೊಟ್ರೆ ಹತ್ತು ನಿಮಿಷ ಚೆಲ್ಲುತ್ತೆ. ಹೇಳಿಕೊಡಿ ಅಂತ ಮೂರು ಸಲ ಅರ್ಜಿ ಕೊಟ್ಟಿದೀನಿ. ನೋಡೋಣ ಅಂದಿದ್ದಾರೆ."

ನಲವತ್ತಮೂರನೇ ವಾಲ್ವ್ ಮುಗಿಯುವಾಗ ಬಿಸಿಲು ಏರಿದೆ. ಬೀದಿಯ ಕೊನೆಯ ಮನೆಯ ಜಗಲಿಯಲ್ಲಿ ಕುಳಿತು ಅವರು ಚಪ್ಪಲಿ ಬಿಡುತ್ತಾರೆ. ನಿವೃತ್ತಿಯ ದಿನ ಏನು ಕೇಳಿಕೊಳ್ಳುತ್ತೀರಿ ಎಂದು ಕೇಳುತ್ತೇನೆ.

"ಆ ಗುಂಡಿ ಒತ್ತೋರು ಯಾರಾದ್ರೂ ಆಗಲಿ. ನನಗಿಂತ ಓದಿದೋರು, ಜಾಣರೇ ಇರ್ತಾರೆ. ವಾರಕ್ಕೊಂದು ಸಲ ಇಲ್ಲಿಗೆ ಬಂದು ಕೂತ್ಕೊಂಡು, ಈ ನಲ್ಲಿ ನೀರು ಒಂದು ಲೋಟ ಕುಡಿದು ಹೋಗಲಿ. ಕುರ್ಚಿ ಹಾಕ್ತೀನಿ. ಬೇರೇನೂ ಹೇಳಲ್ಲ."